ಬ್ರಿಯೋನಾ ಟೇಲರ್ ಪ್ರಕರಣದಲ್ಲಿ ಜ್ಯೂರಿಯ ಮುಂದೆ ಇಡದೇ ಹೋದ ಪ್ರಶ್ನೆ

ಅಮೆರಿಕದಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದರೆ ಮೊಕದ್ದಮೆ ನಡೆಸಬೇಕೇ ಎಂದು ಮೊದಲು ನಿರ್ಧರಿಸುವ ನಾಗರಿಕರ ಮಂಡಳಿ, ಒಬ್ಬರ ಮೇಲೆ ದೋಷಾರೋಪ ಹೊರಿಸಲು ಒಪ್ಪಲಿಲ್ಲವೆಂದರೆ, ಸಾಮಾನ್ಯ ನಾಗರಿಕರೇ ಕುಳಿತು ಸಾಕ್ಷ್ಯವನ್ನೆಲ್ಲ ತೂಗಿ ಆ ವ್ಯಕ್ತಿಯನ್ನು ನಿರಪರಾಧಿಯೆಂದು ತೀರ್ಮಾನಿಸಿದರು ಎಂದೇ ಹಲವರು ತಿಳಿಯುತ್ತಾರೆ. ಬ್ರಿಯೋನಾ ಟೇಲರ್ ಪ್ರಕರಣವನ್ನು ಓದಿದ ಮೇಲೆ ನನಗೆ ಹಾಗೆ ನಂಬಲು ಸಾಧ್ಯವಾಗಿಲ್ಲ.

2020ರ ಮಾರ್ಚ್ 13ರಂದು, ನಡುರಾತ್ರಿ ಕಳೆದ ಮೇಲೆ, ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಪೊಲೀಸರು ಸರ್ಚ್ ವಾರಂಟ್ ಹಿಡಿದು ಆಕೆಯ ಮನೆಯ ಬಾಗಿಲನ್ನು ಒಡೆದರು. ಯಾರೋ ಮನೆಗೆ ನುಗ್ಗುತ್ತಿದ್ದಾರೆಂದು ತಿಳಿದೆನೆಂದು ಆಮೇಲೆ ಹೇಳಿದ ಆಕೆಯ ಗೆಳೆಯ ಒಂದು ಗುಂಡು ಹಾರಿಸಿದರು, ಅದು ಒಬ್ಬ ಅಧಿಕಾರಿಯ ಕಾಲಿಗೆ ತಗುಲಿತು. ಮೂವರು ಪೊಲೀಸರು ಮರಳಿ ಹಾರಿಸಿದ್ದು 32 ಗುಂಡು. ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿಯುತ್ತಿದ್ದ 26 ವರ್ಷದ ಟೇಲರ್ ತಮ್ಮ ಮನೆಯೊಳಗೇ ಪ್ರಾಣ ಬಿಟ್ಟರು.

ಸೆಪ್ಟೆಂಬರ್ 23ರಂದು ಹೊರಬಿದ್ದ ದೋಷಾರೋಪ ಒಬ್ಬ ಅಧಿಕಾರಿಯ ಮೇಲೆ ಮಾತ್ರ, ಅದೂ ಪಕ್ಕದ ಮನೆಗೆ ಗುಂಡು ಹೊಕ್ಕು ಅಲ್ಲಿದ್ದವರ ಜೀವಕ್ಕೆ ಅಪಾಯ ತಂದದ್ದಕ್ಕೆ. ಆ ದೋಷಾರೋಪದಲ್ಲಿ ಸಾವಿಗೆ ಯಾರನ್ನೂ ಹೊಣೆ ಮಾಡಿರಲಿಲ್ಲ. ಉಳಿದಿಬ್ಬರು ಗುಂಡು ಹಾರಿಸಿದ್ದು ಸಮರ್ಥನೀಯವೆಂಬುದನ್ನು ಗ್ರ್ಯಾಂಡ್ ಜ್ಯೂರಿ ಒಪ್ಪಿದೆ ಎಂದು ಪ್ರಕರಣ ನಡೆಸಿದ ರಾಜ್ಯದ ಆಗಿನ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ಕಾನೂನು ಅಧಿಕಾರಿ) ಡೇನಿಯಲ್ ಕ್ಯಾಮರಾನ್ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು.

ಆದರೆ ಒಳಗೆ ನಡೆದದ್ದನ್ನು ಹೊರಗೆ ಹೇಳಲು ಅನುಮತಿ ಬೇಡಿ ಜ್ಯೂರಿಯ ಸದಸ್ಯರೊಬ್ಬರೇ ನ್ಯಾಯಾಲಯಕ್ಕೆ ಹೋದರು. ಅಕ್ಟೋಬರ್ 20ರಂದು ಅನುಮತಿ ಸಿಕ್ಕಿದಾಗ ಅವರು ಹೆಸರು ಹೇಳದೆ ತಿಳಿಸಿದ್ದು ಇಷ್ಟು: ತಮ್ಮ ಮುಂದೆ ಇಟ್ಟದ್ದು ಅದೊಂದೇ ಆರೋಪ, ಕೊಲೆಗೆ ಸಂಬಂಧಿಸಿದ ಕಾನೂನನ್ನಾಗಲಿ ಆತ್ಮರಕ್ಷಣೆಯ ಕಾನೂನನ್ನಾಗಲಿ ಯಾರೂ ವಿವರಿಸಲಿಲ್ಲ, ಬೇರೆ ಆರೋಪಗಳ ಬಗ್ಗೆ ಕೇಳಿದಾಗ, ಅವು ನಿಲ್ಲುವುದಿಲ್ಲವೆಂಬ ಉತ್ತರ ಬಂತು. ಜ್ಯೂರಿ ನಿರಾಕರಿಸಿದ್ದಲ್ಲ, ಅವರನ್ನು ಕೇಳಲೇ ಇಲ್ಲ.

ಗ್ರ್ಯಾಂಡ್ ಜ್ಯೂರಿ ಕೂರುವ ಕೋಣೆಯಲ್ಲಿ ಸಾಕ್ಷ್ಯ ಮಂಡಿಸುವವರು ಪ್ರಾಸಿಕ್ಯೂಟರ್ (ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರು), ಕಾನೂನು ಹೇಳಿಕೊಡುವವರೂ ಅವರೇ. ಮೇಲ್ವಿಚಾರಣೆಗೆ ನ್ಯಾಯಾಧೀಶರು ಕೂತಿರುವುದಿಲ್ಲ, ಸತ್ತವರ ಕಡೆಯ ವಕೀಲರಿಗೂ ಪ್ರವೇಶವಿಲ್ಲ. ಕೆಂಟಕಿಯಲ್ಲಿ 12 ಮಂದಿಯಲ್ಲಿ 9 ಮಂದಿ ಒಪ್ಪಿದರೆ ದೋಷಾರೋಪ ಸಿದ್ಧ. 2010ರಲ್ಲಿ ಫೆಡರಲ್ (ಕೇಂದ್ರ ಸರ್ಕಾರದ) ಪ್ರಾಸಿಕ್ಯೂಟರ್‌ಗಳು ನಡೆಸಿದ ಸುಮಾರು 1,62,000 ಪ್ರಕರಣಗಳಲ್ಲಿ ಗ್ರ್ಯಾಂಡ್ ಜ್ಯೂರಿ ಬೇಡವೆಂದದ್ದು 11ರಲ್ಲಿ ಮಾತ್ರ. ಹೀಗಿರುವಾಗ ಪೊಲೀಸರ ಗುಂಡಿಗೆ ಒಂದು ಜೀವ ಹೋದ ಪ್ರಕರಣದಲ್ಲಿ ಆರೋಪವೇ ಹೊರಡದಿದ್ದರೆ, ಪ್ರಾಸಿಕ್ಯೂಟರ್ ಏನನ್ನು ಕೇಳಿದರು ಎಂಬುದನ್ನೇ ನಾವು ಮೊದಲು ನೋಡಬೇಕು.

ಮೊದಲ ಗುಂಡು ಒಳಗಿನಿಂದ ಬಂದದ್ದರಿಂದ ಕೊಲೆಯ ಆರೋಪ ನ್ಯಾಯಾಲಯದಲ್ಲಿ ನಿಲ್ಲುತ್ತಿರಲಿಲ್ಲವೆಂಬ ಕ್ಯಾಮರಾನ್ ವಾದ ಸರಿಯಿದ್ದರೂ ಇರಬಹುದು. ಹಾಗಿದ್ದರೆ ಅದು ತಮ್ಮ ನಿರ್ಧಾರವೆಂದು ಅವರು ಹೇಳಬೇಕಿತ್ತು, ಕಾರಣಗಳನ್ನು ತಮ್ಮ ಹೆಸರಿನಲ್ಲೇ ಬರೆದು ಟೇಲರ್ ಅವರ ತಾಯಿಯ ಕೈಗೆ ಕೊಡಬೇಕಿತ್ತು. ಮಾತನಾಡುವ ಹಕ್ಕೇ ಇಲ್ಲದ ಹನ್ನೆರಡು ನಾಗರಿಕರ ತಲೆಗೆ ಅದನ್ನು ಕಟ್ಟಿದ್ದು ಅನ್ಯಾಯ.