ಅಮ್ಮ ಕೂತಿದ್ದು ಬೇಲಿ ಮೇಲಲ್ಲ

ಅಮ್ಮನ ಮೊಣಕಾಲು ಆಪರೇಷನ್ ವಿಚಾರ ಮೂರು ತಿಂಗಳಿಂದ ಮನೆಯಲ್ಲಿ ನಡೆಯುತ್ತಲೇ ಇದೆ. ಒಬ್ಬ ಡಾಕ್ಟರ್ ಬೇಗ ಮಾಡಿಸಿ ಅಂದರು, ಇನ್ನೊಬ್ಬರು ಒಂದು ವರ್ಷ ವ್ಯಾಯಾಮ ಮಾಡಿ ನೋಡೋಣ ಅಂದರು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮಾವನ ಮಗ, "ಅತ್ತೆ, ಹೀಗೆ ಫೆನ್ಸ್ ಮೇಲೆ ಕೂತ್ಕೊಂಡೇ ಇದ್ರೆ ಹೇಗೆ?" ಅಂದ. ಪ್ರೀತಿಯಿಂದಲೇ ಹೇಳಿದ್ದು. ಆದರೂ ಅಮ್ಮನ ಮುಖ ಸಣ್ಣದಾಯಿತು.

'ಸಿಟ್ಟಿಂಗ್ ಆನ್ ದಿ ಫೆನ್ಸ್' ಅಂದರೆ ನಿರ್ಧಾರ ಮಾಡದೆ ಸುಮ್ನೆ ಇರೋದು ಅಂತ ನಾವು ಅಂದುಕೊಂಡಿದ್ದೇವೆ. ಅಷ್ಟೇ ಅಲ್ಲ. ಎರಡು ಕಡೆಯವರು ಜಗಳಕ್ಕೆ ನಿಂತಿದ್ದಾರೆ, ನೀನು ಮಾತ್ರ ನಡುವಿನ ಬೇಲಿ ಹತ್ತಿ ಕೂತು, ಯಾರು ಗೆಲ್ಲುತ್ತಾರೋ ಆ ಕಡೆ ಇಳಿಯೋಣ ಅಂತ ಕಾಯ್ತಿದ್ದೀಯ ಅನ್ನುವ ಆರೋಪ ಅದರೊಳಗಿದೆ. 19ನೇ ಶತಮಾನದ ಅಮೆರಿಕದ ರಾಜಕೀಯದಲ್ಲಿ ಇದು ಬೈಗುಳವೇ ಆಗಿತ್ತು. 1884ರ ಅಧ್ಯಕ್ಷ ಚುನಾವಣೆಯಲ್ಲಿ ಕೆಲವು ರಿಪಬ್ಲಿಕನ್ನರು ತಮ್ಮದೇ ಪಕ್ಷದ ಜೇಮ್ಸ್ ಬ್ಲೇನ್ ಭ್ರಷ್ಟ ಅಂತ ಬಿಟ್ಟು, ಡೆಮಾಕ್ರಟ್ ಗ್ರೋವರ್ ಕ್ಲೀವ್‌ಲ್ಯಾಂಡ್ ಬೆಂಬಲಕ್ಕೆ ನಿಂತರು. ಅವರಿಗೆ 'ಮಗ್‌ವಂಪ್' ಅನ್ನುವ ಹೆಸರು ಬಿತ್ತು. ಅದು ಅಲ್ಲಿನ ಮೂಲನಿವಾಸಿಗಳ ಭಾಷೆಯಲ್ಲಿ ಮುಖಂಡ ಅನ್ನುವ ಅರ್ಥದ ಪದ. ಆಮೇಲೆ ಜನ ಅದನ್ನೇ ತಿರುಚಿ, 'ಮಗ್' ಅಂದರೆ ಮುಖ, 'ವಂಪ್' ಅಂದರೆ ಹಿಂಭಾಗ ಅಂತ ತಮಾಷೆ ಮಾಡಿ, ಮುಖ ಬೇಲಿಯ ಈ ಕಡೆ, ಹಿಂಭಾಗ ಆ ಕಡೆ ಇರುವ ಹಕ್ಕಿ ಅಂತ ಮಾಡಿದರು. ಆದರೆ ನೋಡಿ, ಅವರು ಬೇಲಿ ಮೇಲೆ ಕೂತೇ ಇರಲಿಲ್ಲ! ಎಲ್ಲರೆದುರು ಆ ಕಡೆ ಇಳಿದಿದ್ದರು. ಅವರನ್ನು ಹೀಗೆ ಹಂಗಿಸಿದವರಲ್ಲಿ ಅವರು ಬಿಟ್ಟು ಹೋದ ಪಕ್ಷದವರೇ ಇದ್ದರು.

ಈ ಮಾತು ಯಾವಾಗಲೂ ಹೀಗೇ ಬರುತ್ತೆ. ನನ್ನ ಕಡೆ ಬಾ ಅನ್ನುವವರೇ ಇದನ್ನು ಹೇಳೋದು ಜಾಸ್ತಿ, ಅಲ್ವಾ?

ಅಲ್ಲಿನ ಬೇಲಿ ಮರದ ಅಡ್ಡಪಟ್ಟಿಗಳದ್ದು, ಕೂರಬಹುದು. ನಮ್ಮ ಕಡೆ ಬೇಲಿ ಅಂದರೆ ಕಳ್ಳಿ, ಲಂಟಾನ, ಮುಳ್ಳು. ನಮ್ಮ ಗಾದೆಯ ಬೇಲಿ ಎದ್ದು ಹೊಲ ಮೇಯುತ್ತೆ, ಅದು ನಂಬಿಕೆ ಮುರಿದವರ ಬಗ್ಗೆ ಹೇಳೋ ಮಾತು. ನಿರ್ಧಾರದ ವಿಷಯಕ್ಕೆ ನಮ್ಮಲ್ಲಿ ಬೇರೆ ಬೇರೆ ಮಾತುಗಳೇ ಇವೆ. ಸುಮ್ಮನೆ ತಡ ಮಾಡಿದರೆ ಮೀನ ಮೇಷ ಎಣಿಸೋದು. ಯಾರಿಗೂ ನೋವಾಗದ ಹಾಗೆ ತೇಲಿಸಿ ಮಾತಾಡಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಎರಡೂ ಕಡೆ ಲಾಭ ಬೇಕು ಅಂದರೆ ಎರಡು ದೋಣಿಯ ಮೇಲೆ ಕಾಲು. ಎರಡು ದಾರಿಯಲ್ಲೂ ಭಯ ಇದ್ದರೆ ಅತ್ತ ದರಿ, ಇತ್ತ ಪುಲಿ. ಎಷ್ಟು ಚೆನ್ನಾಗಿ ಬಿಡಿಸಿಟ್ಟಿದ್ದಾರೆ ಹಿರಿಯರು! ಇಷ್ಟನ್ನೂ ಒಂದೇ ಬೇಲಿಗೆ ಕಟ್ಟಿಹಾಕಿದರೆ, ಹೆದರಿದವರಿಗೂ ಲೆಕ್ಕಾಚಾರದವರಿಗೂ ವ್ಯತ್ಯಾಸವೇ ಉಳಿಯಲ್ಲ.

ಅಮ್ಮನದು ಕೊನೆಯದು. ಇಂಗ್ಲಿಷ್‌ನಲ್ಲೇ ಹೇಳಬೇಕಿದ್ದರೂ 'ಇನ್ ಟೂ ಮೈಂಡ್ಸ್' ಅಂತ ಇದೆ, ಮನಸ್ಸು ಎರಡಾಗಿದೆ ಅಂತ, ಅದರಲ್ಲಿ ಆರೋಪ ಇಲ್ಲ. ಆ ಕಾಲ್‌ನ ಮರುದಿನ ಮಾವನ ಮಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆಗೆ ಕೊಡು" ಅಂದ. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಅಮ್ಮನಿಗೆ ಹೆದರಿಕೆ ಇರೋದು ಆಪರೇಷನ್ ಬಗ್ಗೆ ಅಲ್ಲವಂತೆ, ಆಮೇಲೆ ತಿಂಗಳುಗಟ್ಟಲೆ ನಮ್ಮ ಮೇಲೆ ಭಾರ ಆಗೋದರ ಬಗ್ಗೆಯಂತೆ. ಮೂರು ತಿಂಗಳಲ್ಲಿ ನಾವ್ಯಾರೂ ಇದನ್ನು ಕೇಳಿರಲಿಲ್ಲ.