ಎರಡನೇ ಕ್ಲಾಸು ಓದ್ತಿರೋದು ನಾನಾ, ನನ್ನ ಮಗಳಾ?

ಮೊನ್ನೆ ಭಾನುವಾರ ರಾತ್ರಿ ಒಂಬತ್ತೂವರೆಗೆ ನಮ್ಮ ಬಡಾವಣೆಯ ಸ್ಟೇಷನರಿ ಅಂಗಡಿ ಮುಂದೆ ಹದಿನೈದು ಜನ ನಿಂತಿದ್ರು. ಅರ್ಧ ಜನ ನೈಟ್ ಪ್ಯಾಂಟಲ್ಲಿ, ಒಬ್ರಂತೂ ಊಟ ಮಾಡಿ ಕೈ ಒರೆಸ್ಕೊಂಡ ಟವಲ್ಲು ಹೆಗಲ ಮೇಲಿಟ್ಕೊಂಡೇ ಓಡಿ ಬಂದಿದ್ರು. ಏನೋ ಗಲಾಟೆ ಅಂದ್ಕೊಂಡ್ರೆ ಗಲಾಟೆ ಅಲ್ಲ ಕಣ್ರೀ, ಪ್ರೈಮರಿ ಸ್ಕೂಲು. "ಅಣ್ಣ, ಬ್ರೌನ್ ಚಾರ್ಟ್ ಇದ್ಯಾ", "ಗ್ಲಿಟರ್ ಶೀಟು ಸಿಲ್ವರ್ ಎರಡು ಕೊಡಿ", "ಥರ್ಮಕೋಲ್ ದಪ್ಪದ್ದು ಇಲ್ವಾ". ನಾನು ಬಾಯಿ ಬಿಡೋಕೆ ಮುಂಚೆನೇ ಅಂಗಡಿಯವ್ರು "ಸೆಕೆಂಡ್ ಸ್ಟ್ಯಾಂಡರ್ಡ್ ಅಲ್ವಾ ಮೇಡಂ, ಈ ವಾರ ಟ್ರಾನ್ಸ್‌ಪೋರ್ಟು" ಅಂದ್ರು. ನನ್ನ ಮಗಳ ಕ್ಲಾಸಲ್ಲಿ ಏನು ನಡೀತಿದೆ ಅನ್ನೋದು ನನಗಿಂತ ಅವ್ರಿಗೆ ಚೆನ್ನಾಗಿ ಗೊತ್ತು. ಕೌಂಟರ್ ಕೆಳಗಿಂದ ಒಂದು ಪ್ಯಾಕೆಟ್ ತೆಗೆದಿಟ್ರು. ಒಳಗೆ ಹೊಚ್ಚ ಹೊಸಾ ಬಾಟಲಿ ಮುಚ್ಚಳ, ಹೊಸಾ ಐಸ್‌ಕ್ರೀಮ್ ಕಡ್ಡಿ, ಹೊಸಾ ಪೇಪರ್ ಕಪ್ಪು. ಮೇಲೆ ಬರೆದಿದೆ, ಬೆಸ್ಟ್ ಔಟ್ ಆಫ್ ವೇಸ್ಟ್. 180 ರೂಪಾಯಿ.

ಕಸದಿಂದ ರಸ ತೆಗೀಬೇಕು ಅಂದ್ರೆ ಈಗ ಮೊದಲು ಕಸ ಕೊಂಡ್ಕೋಬೇಕು!

ವಿಷಯ ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ. ನಮ್ಮ ಪುಟ್ಟಿ ಸ್ಕೂಲಿಂದ ಪ್ರತಿ ಶುಕ್ರವಾರ ಸಾಯಂಕಾಲ ವಾಟ್ಸಾಪಲ್ಲಿ ಒಂದು ಪಿಡಿಎಫ್ ಬರುತ್ತೆ, ವೀಕ್ಲಿ ಪ್ಲಾನ್ ಅಂತ. ಮೂಲೇಲಿ ನಗ್ತಿರೋ ಒಂದು ಜೇನುನೊಣ ಬೇರೆ. ಏಳು ವರ್ಷದ ಮಕ್ಕಳು ಆ ವಾರ ಏನೇನು ಕಲೀತಾರೆ ಅನ್ನೋ ಪಟ್ಟಿ ಅಂತೆ ಅದು. ನಾನು ಓದೋ ಹೊತ್ತಿಗೆ ಅದು ನನ್ನ ಕೆಲಸದ ಪಟ್ಟಿ ಆಗಿರುತ್ತೆ. ಸೋಮವಾರ ಶೋ ಅಂಡ್ ಟೆಲ್, ಅಂದ್ರೆ ನಾನು ಇಂಗ್ಲಿಷಲ್ಲಿ ಎಂಟು ಸಾಲು ಬರೆದು ಅವಳು ಅದನ್ನ ಸ್ನಾನದ ಮನೇಲೂ ಬಾಯಿಪಾಠ ಹಾಕೋದು. ಬುಧವಾರ ನೋ ಫೈರ್ ಕುಕಿಂಗ್. ಇದು ಕೇಳಿ, ಚಾಕು ತರೋ ಹಾಗಿಲ್ಲ, ಅದಕ್ಕೆ "ಕೈಂಡ್ಲಿ ಸೆಂಡ್ ಫೈನ್ಲಿ ಚಾಪ್ಡ್", ಅಂದ್ರೆ ಬೆಳಗ್ಗೆ ಆರಕ್ಕೆ ಸೌತೆಕಾಯಿ, ಕ್ಯಾರೆಟ್ಟು, ದಾಳಿಂಬೆ ಎಲ್ಲಾ ನಾನೇ ಹೆಚ್ಚಿ ಬಿಡಿಸಿ ಮೂರು ಡಬ್ಬಿಗೆ ತುಂಬಿ ಕಳಿಸ್ಬೇಕು, ಅಲ್ಲಿ ಅವಳು ಒಂದು ಬಟ್ಟಲಿಗೆ ಸುರಿದು ಉಪ್ಪು ಹಾಕ್ತಾಳೆ, ಫೋಟೋ. ಕುಕಿಂಗ್ ಆಯ್ತು! ಕೋಸಂಬರಿ ಮಾಡೋದು ನನಗೂ ಬರುತ್ತೆ ತಾಯಿ, ನಾನು ಪಾಸಾಗಿ ಮೂವತ್ತು ವರ್ಷ ಆಯ್ತು.

ನನ್ನ ಸಿಟ್ಟು ಮಕ್ಕಳಿಗೆ ಚಟುವಟಿಕೆ ಕೊಡೋದರ ಮೇಲಲ್ಲ, ತಪ್ಪು ತಿಳೀಬೇಡಿ. ಆ ಚಟುವಟಿಕೇಲಿ ಮಗು ಕೈಯೇ ಇಲ್ವಲ್ಲ ಅಂತ.

2018ರ ನವೆಂಬರಲ್ಲಿ ಕೇಂದ್ರದವರು ಸುತ್ತೋಲೆ ಕಳಿಸಿದ್ರು, ಒಂದು ಎರಡನೇ ಕ್ಲಾಸಿನ ಮಕ್ಕಳಿಗೆ ಹೋಂವರ್ಕ್ ಕೊಡಬಾರದು, ಬ್ಯಾಗು ಒಂದೂವರೆ ಕೆಜಿ ಮೀರಬಾರದು ಅಂತ. ನಾನು ಇದನ್ನ ಪೇರೆಂಟ್ಸ್ ಮೀಟಿಂಗಲ್ಲಿ ಎತ್ತಿದೆ (ಎತ್ತದೇ ಇರ್ತೀನಾ, ನಿಮಗೆ ನಾನು ಗೊತ್ತಲ್ಲ). ಕೋಆರ್ಡಿನೇಟರ್ ಮೇಡಂ ಬಹಳ ಸಮಾಧಾನವಾಗಿ "ಮ್ಯಾಮ್, ಇದು ಹೋಂವರ್ಕ್ ಅಲ್ಲ, ಆ್ಯಕ್ಟಿವಿಟಿ" ಅಂದ್ರು. ಸರಿ, ಹೆಸರು ಬದಲಾಯಿಸಿದ ತಕ್ಷಣ ಪಾಪ ಪರಿಹಾರ.

ಈಗ ನಂದೂ ಒಂದು ಹೇಳಿಬಿಡ್ತೀನಿ, ಇಲ್ಲಾಂದ್ರೆ ನಮ್ಮನೆಯವರೇ ಕಾಮೆಂಟಲ್ಲಿ ಬಂದು ಮಾನ ತೆಗೀತಾರೆ. ಜುಲೈಯಲ್ಲಿ ಥೀಮ್ 'ಮೈ ಹೌಸ್'. ರಾತ್ರಿ ಹನ್ನೊಂದೂವರೆ ತನಕ ಕೂತು ಥರ್ಮಕೋಲಲ್ಲಿ ನಾನು ಮನೆ ಕಟ್ಟಿದೆ, ಹಂಚು, ಜಗಲಿ, ತುಳಸಿಕಟ್ಟೆ ಸಮೇತ. ಪುಟ್ಟಿ ಒಂಬತ್ತಕ್ಕೇ ಮಲಗಿದ್ಲು. ಎದ್ದಿದ್ದಾಗ ಒಂದ್ಸಲ "ನಾನು ಬಾಗಿಲು ಅಂಟಿಸ್ತೀನಮ್ಮ" ಅಂತ ಬಂದಿದ್ಲು, "ಬೇಡ, ಸೊಟ್ಟ ಆಗುತ್ತೆ" ಅಂತ ನಾನೇ ಓಡಿಸಿದ್ದೆ. ಮಾರನೇ ದಿನ ಗ್ರೂಪಲ್ಲಿ ಫೋಟೋ, ಮೂರು ಸ್ಟಾರು, "ಎಕ್ಸಲೆಂಟ್ ವರ್ಕ್". ಖುಷಿ ಆಯ್ತು ರೀ, ಸುಳ್ಳು ಯಾಕೆ ಹೇಳಲಿ, ಸ್ಟೇಟಸ್ಸಿಗೂ ಹಾಕ್ಕೊಂಡೆ. ಆಮೇಲೆ ಪಕ್ಕದ ಮನೆ ಆಂಟಿ "ಎಷ್ಟು ಚೆನ್ನಾಗಿ ಮಾಡಿದ್ದೀಯೇ" ಅಂತ ಕೇಳಿದ್ದಕ್ಕೆ ಇವಳು ತಲೆ ಕೂಡ ಎತ್ತದೆ "ಅದು ನಂದಲ್ಲ, ಅಮ್ಮಂದು" ಅಂದ್ಲು. ಬೇಜಾರಲ್ಲಿ ಹೇಳಿದ್ದೂ ಅಲ್ಲ, ಇದು ಅಮ್ಮನ ಚಪ್ಪಲಿ ಅನ್ನೋ ಥರ.

ಆ ಮಾತು ಎಲ್ಲೋ ಒಳಗೆ ಕೂತಿತ್ತು. ಹೋದ ಶನಿವಾರ ಅಕ್ಕನ ಸ್ಕೂಲಿಗೆ ಹೋದಾಗ ಪೂರ್ತಿ ಚುಚ್ಚಿತು.

ನಮ್ಮಕ್ಕ ಕೋಟೆ ತಾಲ್ಲೂಕಲ್ಲಿ (ಎಚ್.ಡಿ. ಕೋಟೆ) ಸರ್ಕಾರಿ ಶಾಲೆ ಟೀಚರ್, ನಲಿ-ಕಲಿ ಮಾಡ್ತಾಳೆ, ಅಂದ್ರೆ ಮಕ್ಕಳು ಕಾರ್ಡು ಹಿಡ್ಕೊಂಡು ತಮ್ಮ ತಮ್ಮ ವೇಗದಲ್ಲಿ ಕಲಿಯೋ ಪದ್ಧತಿ. ಶನಿವಾರ ಅವಳಿಗೆ ಬೆಳಗಿನ ಸ್ಕೂಲು, ಪುಟ್ಟಿಗೆ ರಜ, ಸರಿ ಅಂತ ಕರ್ಕೊಂಡು ಹೋದೆ. ಒಂದು, ಎರಡು, ಮೂರು, ಮೂರೂ ಕ್ಲಾಸು ಒಂದೇ ಕೋಣೆ, ಇಪ್ಪತ್ತಮೂರು ಮಕ್ಕಳು. ಗೋಡೆ ಸುತ್ತ ಮಕ್ಕಳ ಮಂಡಿ ಎತ್ತರಕ್ಕೆ ಹಸಿರು ಬೋರ್ಡು ಬಳಿದಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ಚೌಕ. ಮಕ್ಕಳು ಬಂದವರೇ ಗೋಡೆ ಮೇಲಿನ ಏಣಿ ಚಾರ್ಟ್ ಹತ್ರ ಹೋಗಿ ತಾವು ಎಲ್ಲಿದೀವಿ ಅಂತ ಬೆರಳಿಟ್ಟು ನೋಡ್ಕೊಂಡು, ಟ್ರೇಯಿಂದ ತಮ್ಮ ಕಾರ್ಡ್ ತಾವೇ ತಗೊಂಡು, ತಮ್ಮ ತಟ್ಟೆ ಸುತ್ತ ಕೂತ್ಕೊಂಡ್ರು. ತಟ್ಟೆ ಅಂದ್ರೆ ಗುಂಪು. ಒಟ್ಟು ಐದು, ಒಂದರಲ್ಲಿ ಟೀಚರ್ ಜೊತೇಲೇ ಕೂರ್ತಾರೆ, ಹಾಗೇ ಸಹಾಯ ಕಮ್ಮಿ ಆಗ್ತಾ ಆಗ್ತಾ ಕೊನೇ ತಟ್ಟೇಲಿ ಮಗು ತಾನೇ ಕಲಿಯೋದು. ಈ ವಾರ ಇಂಥಾ ಥೀಮು, ಎಲ್ಲರೂ ಸೋಮವಾರದೊಳಗೆ ಮುಗಿಸಿ ಅನ್ನೋದೇ ಇಲ್ಲ. ಜ್ವರ ಬಂದು ಒಂದು ವಾರ ಬರದೇ ಇದ್ದೋನು ಎಲ್ಲಿ ಬಿಟ್ಟಿದ್ನೋ ಅಲ್ಲಿಂದಲೇ ಶುರು ಮಾಡ್ತಾನೆ. ಅ ಆ ಇ ಈ ಕ್ರಮಾನೂ ಇಲ್ಲ, ಮೊದಲು ರ ಗ ಸ ದ ಅ. ಐದು ಅಕ್ಷರ ಬಂದ್ರೆ ಸಾಕು, ಸರ, ದಸರ, ಅರಸ, ಅಗಸ ಅಂತ ಮಗು ಆಗಲೇ ಓದ್ತಿರುತ್ತೆ. ಮೈಸೂರಿನ ಮಗುಗೆ ದಸರ ಅಂತ ಓದೋಕೆ ಬಂದ್ರೆ ಇನ್ನೇನ್ರೀ ಬೇಕು.

ಮೂರನೇ ಕ್ಲಾಸಿನ ಒಬ್ಬಳು ಒಂದನೇ ಕ್ಲಾಸಿನವನೊಬ್ಬನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅವನಿಂದ ಬೋರ್ಡ್ ಮೇಲೆ ಸ ಬರೆಸ್ತಿದ್ಲು. ಅವನದು ಉಲ್ಟಾ ಬಂತು. ಇವಳು ಒರೆಸಿ ತಾನೇ ಬರೆದುಬಿಡ್ತಾಳೆ ಅಂದ್ಕೊಂಡೆ (ನಾನಾಗಿದ್ರೆ ಅದನ್ನೇ ಮಾಡ್ತಿದ್ದೆ), ಅವಳು ಸುಮ್ನೆ ಬಟ್ಟೆ ಅವನ ಕೈಗೆ ಕೊಟ್ಲು. ಅವನೇ ಒರೆಸಿದ, ಅವನೇ ಬರೆದ, ಮತ್ತೆ ಉಲ್ಟಾ, ಮತ್ತೆ ಒರೆಸಿದ. ಎಂಟು ವರ್ಷದ ಹುಡುಗಿಗೆ ಇರೋ ತಾಳ್ಮೆ ನನಗಿಲ್ಲ.

ಮೇಲೆ ಚಪ್ಪರ ಇದೆ, ದಾರ ಕಟ್ಟಿ ಮಕ್ಕಳು ಮಾಡಿದ್ದೆಲ್ಲಾ ನೇತುಹಾಕೋದು. ಒಂದು ಚಿತ್ರದಲ್ಲಿ ಮನೆಗಿಂತ ದೊಡ್ಡ ಆನೆ, ಪಕ್ಕದಲ್ಲಿ ಕಡ್ಡಿಯಂಥಾ ಮನುಷ್ಯ, ಕೈಲೇನೋ ಕೆಂಪಗೆ. "ಯಾರೋ ಇದು?" ಅಂದೆ. "ನಮ್ಮಪ್ಪ. ಪಟಾಕಿ ಹೊಡೀತಾ ಅವ್ರೆ" ಅಂದ. ಅಲ್ಲಿ ಆನೆ ರಾತ್ರಿ ಹೊತ್ತು ಜೋಳದ ಹೊಲಕ್ಕೇ ಬರುತ್ತೆ, ಪಿಡಿಎಫ್‌ಗಲ್ಲ. ನಮ್ಮ ಸ್ಕೂಲಲ್ಲಿ 'ವೈಲ್ಡ್ ಆ್ಯನಿಮಲ್ಸ್' ವಾರ ಎಲ್ಲಾ ಮಕ್ಕಳೂ ತಂದಿದ್ದು ಅದೇ ಅಂಗಡಿಯ ಅದೇ ಪ್ಲಾಸ್ಟಿಕ್ ಜಿರಾಫೆ.

ಈ ನಲಿ-ಕಲಿ ಹುಟ್ಟಿದ್ದೂ ಅದೇ ಕೋಟೆ ತಾಲ್ಲೂಕಲ್ಲೇ, 1995ರಲ್ಲಿ, ಯುನಿಸೆಫ್ ನೆರವಿತ್ತು. ಆಂಧ್ರದ ರಿಷಿ ವ್ಯಾಲಿ ಶಾಲೆಗಳಿಗೆ ಹೋಗಿ ನೋಡ್ಕೊಂಡು ಬಂದ ನಮ್ಮ ಸರ್ಕಾರಿ ಮೇಷ್ಟ್ರುಗಳೇ ಕೂತು ಕಾರ್ಡು, ಏಣಿ ಎಲ್ಲಾ ಮಾಡಿದ್ದು, ಆಮೇಲೆ 2009-10ರ ಹೊತ್ತಿಗೆ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ನಾವಿಲ್ಲಿ ಬ್ರೋಷರಲ್ಲಿ 'ಆ್ಯಕ್ಟಿವಿಟಿ ಬೇಸ್ಡ್ ಲರ್ನಿಂಗ್' ಅಂತ ನೋಡಿ ಫೀಸ್ ಕಟ್ಟಿ ಬಂದಿದೀವಲ್ಲ, ಅದು ಐವತ್ತು ಕಿಲೋಮೀಟರ್ ದೂರದಲ್ಲಿ ಪುಕ್ಕಟೆ ನಡೀತಿದೆ, ಮೇಲೊಂದು ಲೋಟ ಬಿಸಿ ಹಾಲು.

ಅಲ್ಲೆಲ್ಲಾ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅಕ್ಕನ್ನ ಕೇಳಿದ್ರೆ ಒಂದು ಗಂಟೆ ಬೈತಾಳೆ. ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ವೋಟರ್ ಲಿಸ್ಟು, ಯಾವ್ಯಾವ್ದೋ ಆ್ಯಪಿಗೆ ಫೋಟೋ ಅಪ್‌ಲೋಡು, ಇದೆಲ್ಲಾ ಮುಗಿದು ಉಳಿದ ಟೈಮಲ್ಲಿ ಪಾಠ. ಕಾರ್ಡು ಹರಿದು ಹೋದ್ರೆ ಹೊಸದು ಯಾವಾಗ ಬರುತ್ತೋ, ಅವಳೇ ಸೆಲ್ಲೋಟೇಪ್ ಹಾಕಿ ಇಟ್ಕೋತಾಳೆ. ನಾನು ಹೊಗಳ್ತಾ ಇದ್ದಿದ್ದು ಕೇಳಿ "ಅಷ್ಟು ಇಷ್ಟ ಆದ್ರೆ ಪುಟ್ಟೀನ ಇಲ್ಲಿಗೇ ಹಾಕೇ" ಅಂತ ನಕ್ಕಳು. "ನಿನ್ನ ಮಗ ಯಾವ ಸ್ಕೂಲಲ್ಲಿ ಓದಿದ್ದು?" ಅಂದೆ. ಇಬ್ರೂ ಸುಮ್ನಾದ್ವಿ. ಅವನು ಓದಿದ್ದು ಮೈಸೂರಲ್ಲಿ, ಇಂಗ್ಲಿಷ್ ಮೀಡಿಯಮ್ಮು, ನಮ್ಮನೇಲೇ ಇದ್ಕೊಂಡು. ಆ ಮಾತು ಅಲ್ಲಿಗೇ ಬಿಟ್ಟು ಕಾಫಿ ಕುಡಿದ್ವಿ.

ಈಗ ಒಬ್ಬರಾದ್ರೂ ಹೇಳ್ತೀರಿ, "ಪೇರೆಂಟ್ಸ್ ಇನ್ವಾಲ್ವ್‌ಮೆಂಟ್ ಇರ್ಬೇಕಲ್ವಾ, ಮಕ್ಕಳ ಜೊತೆ ಟೈಮ್ ಕಳೆಯೋಕೆ ಇದೊಂದು ನೆಪ" ಅಂತ. ಯಾವ ಟೈಮು ರೀ? ಮಗು ಮಲಗಿದ ಮೇಲೆ ಗ್ಲೂ ಗನ್ ಹಿಡ್ಕೊಂಡು ಗಂಡ ಹೆಂಡತಿ ಕಿತ್ತಾಡೋದಾ? ಪುಟ್ಟಿ ಕ್ಲಾಸಲ್ಲಿ ಒಬ್ಬ ಹುಡುಗ ಇದಾನೆ, ಅವರಮ್ಮ ಗಾರ್ಮೆಂಟ್ಸ್, ಅಪ್ಪ ಆಟೋ. ಅವನು ಸೋಮವಾರ ಬರಿಗೈಲಿ ಬರ್ತಾನಂತೆ, ಬೇರೆಯವರ ಮಾಡೆಲ್ ಜೋಡಿಸೋಕೆ ಸಹಾಯ ಮಾಡ್ತಾನಂತೆ. ಮಿಸ್ ಅವನಿಗೆ 'ನಾಟ್ ಡನ್' ಬರೀತಾರೆ. ನನ್ನ ಪ್ರಕಾರ ಆ ಇಡೀ ಕ್ಲಾಸಲ್ಲಿ ಆ್ಯಕ್ಟಿವಿಟಿ ಅಂತ ಸ್ವಂತ ಕೈಯಲ್ಲಿ ಏನಾದ್ರೂ ಮಾಡ್ತಿರೋನು ಅವನೊಬ್ಬನೇ. ಮಿಸ್ ಮೇಲೆ ನಂಗೇನೂ ಸಿಟ್ಟಿಲ್ಲ, ಪಾಪ ಚಿಕ್ಕ ಹುಡುಗಿ, ನಲವತ್ತು ಮಕ್ಕಳು, ದಿನಕ್ಕೆ ಇಷ್ಟು ಫೋಟೋ ಕಳಿಸ್ಬೇಕು ಅಂತ ಮೇಲಿಂದ ಆರ್ಡರ್ ಇರುತ್ತೆ. ಸೊಟ್ಟ ಮಾಡೆಲ್ ಫೋಟೋ ಹಾಕಿದ್ರೆ ಮುಂದಿನ ವರ್ಷ ಅಡ್ಮಿಷನ್ ಆಗಲ್ವಲ್ಲ.

ಸರಿ, ಭಾನುವಾರಕ್ಕೆ ಬರ್ತೀನಿ. ಆ ಅಂಗಡಿಯಿಂದ ನಾನು ಒಂದು ಫೆವಿಕಾಲ್ ಅಷ್ಟೇ ತಗೊಂಡು ವಾಪಸ್ ಬಂದೆ. ಪುಟ್ಟೀನ ಕರೆದು "ನೋಡು, ಬಸ್ಸು ಮಾಡ್ಬೇಕಂತೆ, ನೀನೇ ಮಾಡು, ನಾನು ಮುಟ್ಟಲ್ಲ" ಅಂದೆ. ನಮ್ಮನೆಯವರು ಯೂಟ್ಯೂಬ್ ತೆಗೆದಿದ್ರು, ಕಣ್ಣು ಬಿಟ್ಟೆ, ಮುಚ್ಚಿದ್ರು. ಅವಳು ಟೂತ್‌ಪೇಸ್ಟ್ ಡಬ್ಬ ತಗೊಂಡ್ಲು. ಪೇಸ್ಟ್ ಇನ್ನೂ ಅರ್ಧ ಇತ್ತು, ಹೊರಗೆ ಎಸೆದ್ಲು. ಕಿಟಕಿ ಕೊರೆಯೋಕೆ ಆಗಲಿಲ್ಲ, ಕ್ರೇಯಾನಲ್ಲಿ ಬರೆದ್ಲು. ಮನೇಲಿ ಮುಚ್ಚಳ ಮೂರೇ ಸಿಕ್ಕಿದ್ದು, ಮೂರೇ ಚಕ್ರ. "ನಾಲ್ಕನೇದು ಎಲ್ಲೇ?" ಅಂದ್ರೆ "ಪಂಚರ್ ಹಾಕ್ಸೋಕೆ ಹೋಗಿದೆ" ಅಂದ್ಲು. ಒಳಗೆ ಅವರೆಕಾಳು ಅಂಟಿಸಿದ್ಲು, ಪ್ಯಾಸೆಂಜರ್ಸು, ಎಲ್ಲರಿಗೂ ಪೆನ್ನಲ್ಲಿ ಕುಂಕುಮ. "ಗಂಡಸರೇ ಇಲ್ವಲ್ಲೇ ನಿನ್ನ ಬಸ್ಸಲ್ಲಿ?" ಅಂತ ಅವರಪ್ಪ ಕೇಳಿದ್ರು. "ಅವ್ರು ದುಡ್ಡು ಕೊಡ್ಬೇಕಲ್ಲ, ಅದಕ್ಕೆ ಬಂದಿಲ್ಲ." 2023ರ ಜೂನಲ್ಲಿ ಶುರುವಾದ ಶಕ್ತಿ ಯೋಜನೆ ಬಗ್ಗೆ ಇದಕ್ಕಿಂತ ಚೆನ್ನಾಗಿ ನಾನಂತೂ ಯಾರ ಬಾಯಲ್ಲೂ ಕೇಳಿಲ್ಲ. ಮುಂದುಗಡೆ ಬೋರ್ಡಲ್ಲಿ ದಪ್ಪಕ್ಕೆ 'ಕೋಟೆ' ಅಂತ ಬರೆದ್ಲು, ದೊಡ್ಡಮ್ಮನ ಊರಿಗೆ ಹೋಗೋ ಬಸ್ಸಂತೆ. ಟ ಮಾತ್ರ ಉಲ್ಟಾ. ನನ್ನ ಕೈ ಕಡೀತಿತ್ತು, ಎದ್ದು ಹೋಗಿ ಪಾತ್ರೆ ತೊಳೆದೆ.

ಇವತ್ತು ಗ್ರೂಪಲ್ಲಿ ಫೋಟೋ ಬಂತು. ಮೇಜಿನ ಮೇಲೆ ಸಾಲಾಗಿ ಮೆಟ್ರೋ, ಅಂಬಾರಿ ಡಬಲ್ ಡೆಕ್ಕರ್, ಲೈಟ್ ಉರಿಯೋ ಏರೋಪ್ಲೇನ್ (ಅದನ್ನ ಮಾಡಿರೋ ಇಂಜಿನಿಯರ್ ಅಪ್ಪನ್ನ ನಾನು ಬಲ್ಲೆ). ನಮ್ಮ ಕೋಟೆ ಬಸ್ಸು ಎಲ್ಲಿ ಅಂತ ಜೂಮ್ ಮಾಡಿ ಮಾಡಿ ಹುಡುಕಿದೆ, ಏರೋಪ್ಲೇನ್ ರೆಕ್ಕೆ ಹಿಂದೆ ಒಂದು ಮೂಲೆ ಕಾಣ್ತಿತ್ತು. ಡೈರೀಲಿ ರಿಮಾರ್ಕು: "ನೀಟ್‌ನೆಸ್ ನೀಡೆಡ್. ಲೇಬಲ್ ಇನ್ ಇಂಗ್ಲಿಷ್." ಅರ್ಧ ಗಂಟೆ ಉರ್ಕೊಂಡೆ, ಗ್ರೂಪಲ್ಲಿ ಒಂದು ಉದ್ದ ಮೆಸೇಜ್ ಟೈಪ್ ಮಾಡಿ ಅಳಿಸಿದೆ, ಅದಕ್ಕೇ ನೀವೀಗ ಇದನ್ನ ಓದ್ತಿರೋದು. ಪುಟ್ಟಿಗೆ ಮಾತ್ರ ಏನೂ ಇಲ್ಲ. ಆ ಬರಿಗೈ ಹುಡುಗ ಸಂಜೆ ತನಕ ಬಸ್ಸು ಓಡಿಸಿದ್ನಂತೆ, "ಬೇರೆ ಯಾವ್ದೂ ಮುಟ್ಟೋಕೆ ಬಿಡಲ್ಲಮ್ಮ, ಒಡೆದು ಹೋಗುತ್ತಂತೆ, ನಂದು ಮಾತ್ರ ಬಿಟ್ರು" ಅಂತ ಕುಣೀತಾ ಹೇಳಿದ್ಲು.

ಬಸ್ಸು ಈಗ ಫ್ರಿಡ್ಜ್ ಮೇಲೆ ನಿಂತಿದೆ. ಇಬ್ಬರು ಪ್ಯಾಸೆಂಜರ್‌ಗೆ ಹುಳ ಬಿದ್ದಿದೆ, ನಾಳೆ ಇಳಿಸ್ಬೇಕು. ಇಷ್ಟು ಟೈಪ್ ಮಾಡೋ ಹೊತ್ತಿಗೆ ಜೇನುನೊಣ ಮತ್ತೆ ಬಂತು. ಮುಂದಿನ ವಾರ ಥೀಮ್ ವಾಟರ್, ಮಳೆನೀರು ಕೊಯ್ಲಿನ ವರ್ಕಿಂಗ್ ಮಾಡೆಲ್ ಅಂತೆ, ವರ್ಕಿಂಗ್! ನಮ್ಮನೆಯವರು ಹಾಲಲ್ಲಿ ಯೂಟ್ಯೂಬ್ ವಾಲ್ಯೂಮ್ ಕಮ್ಮಿ ಮಾಡ್ಕೊಂಡು ಕೂತಿದಾರೆ, ನಂಗೆ ಕೇಳಿಸ್ತಿಲ್ಲ ಅಂತ ಅಂದ್ಕೊಂಡಿದಾರೆ.