ಹುಟ್ಟಿದ ದಿನಾಂಕಕ್ಕೆ ಬಳಿದ ಕೆಂಪು ಬಣ್ಣ

ಅಮೆರಿಕನ್ ಫುಟ್‌ಬಾಲಿನ ಫೈನಲ್ ಪಂದ್ಯ ಸೂಪರ್ ಬೌಲ್ ನೋಡಲು ನಮ್ಮ ಫ್ಯಾಂಟಸಿ ಲೀಗಿನವರೆಲ್ಲ ಗೆಳೆಯರೊಬ್ಬರ ಮನೆಯಲ್ಲಿ ಸೇರಿದ್ದೆವು. ನಿಜವಾದ ಆಟಗಾರರನ್ನು ಆರಿಸಿ ನಮ್ಮದೇ ತಂಡ ಕಟ್ಟಿ, ಅವರು ಮೈದಾನದಲ್ಲಿ ಆಡಿದ್ದಕ್ಕೆ ಅಂಕ ಎಣಿಸುವ ಆಟ ನಮ್ಮದು. ಬಿಸಿಬೇಳೆ ಭಾತ್ ಚೆನ್ನಾಗಿತ್ತು, ಮಾತು ಚೆನ್ನಾಗಿತ್ತು. ಮಧ್ಯದ ವಿರಾಮದಲ್ಲಿ ನಮ್ಮಲ್ಲೇ ಕಿರಿಯವನು ಲ್ಯಾಪ್‌ಟಾಪ್ ತೆರೆದು ಊಟದ ಮೇಜಿನ ಮೇಲಿಟ್ಟ. ಮುಂದಿನ ಆಗಸ್ಟ್‌ನ ಡ್ರಾಫ್ಟ್‌ಗೆ, ಅಂದರೆ ಸರದಿಯಂತೆ ಆಟಗಾರರನ್ನು ಆರಿಸುವ ದಿನಕ್ಕೆ, ಈಗಲೇ ಪಟ್ಟಿ ಸಿದ್ಧ ಮಾಡಿಕೊಂಡಿದ್ದಾನೆ. ಎಸೆದ ಚೆಂಡನ್ನು ಓಡಿ ಹಿಡಿಯುವ ವೈಡ್ ರಿಸೀವರ್‌ಗಳ ಹೆಸರು, ತಂಡ, ಪಕ್ಕದಲ್ಲಿ ಹುಟ್ಟಿದ ದಿನಾಂಕ. ಮೂವತ್ತು ದಾಟಿದವರ ಸಾಲಿಗೆಲ್ಲ ಕೆಂಪು ಬಣ್ಣ. "ಇವರ ಕಡೆ ತಿರುಗಿ ನೋಡುವುದೇ ಬೇಡ ಅಂಕಲ್, ಸಮಯ ಉಳಿಯುತ್ತದೆ" ಎಂದ. ಸುತ್ತ ನಿಂತವರೆಲ್ಲ ತಲೆದೂಗಿದರು. ಇಬ್ಬರು ಆ ಹಾಳೆಯನ್ನು ತಮಗೂ ಕಳುಹಿಸಲು ಹೇಳಿದರು.

ಕೆಂಪು ಸಾಲುಗಳಲ್ಲಿ ಮೂರನೆಯದು ದವಾಂಟೆ ಆಡಮ್ಸ್.

ಆಗಷ್ಟೇ ಮುಗಿದ 2025ರ ಋತುವಿನಲ್ಲಿ ಇಡೀ ಎನ್‌ಎಫ್‌ಎಲ್‌ನಲ್ಲಿ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಅತಿ ಹೆಚ್ಚು ಟಚ್‌ಡೌನ್ ಕ್ಯಾಚ್, ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವ ಕ್ಯಾಚ್, ಹಿಡಿದವನು ಅವನು. ಆಡಿದ್ದು 14 ಪಂದ್ಯ, ಹಿಡಿದ ಟಚ್‌ಡೌನ್ 14. ಡಿಸೆಂಬರ್ 24ಕ್ಕೆ ಅವನಿಗೆ 33 ತುಂಬಿತು. ಅದೊಂದೇ ಕಾರಣಕ್ಕೆ ಅವನ ಸಾಲು ಕೆಂಪು. ಮುಂದಿನ ವರ್ಷವೂ ಅವನು ಹಾಗೆಯೇ ಆಡುತ್ತಾನೆ ಎಂದು ನಾನು ಪಣ ತೊಡುತ್ತಿಲ್ಲ. ಆದರೆ ಅವನ ಆಟವನ್ನು ನೋಡದೆಯೇ, ಅವನ ಹೆಸರಿನ ಮುಂದೆ ಇದ್ದ ಒಂದು ತಾರೀಖನ್ನು ನೋಡಿ ಬಣ್ಣ ಬಳಿದರಲ್ಲ, ಅದು ನನಗೆ ಸಹಿಸಲಾಗಲಿಲ್ಲ. ಅಲ್ಲಿ ಹೆಚ್ಚು ಮಾತಾಡಲಿಲ್ಲ. ಮೂರು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಗೊತ್ತಿರುವವರಿಗೆ ನಮ್ಮ ಅಡಿಕೆ ತೋಟವೂ ಗೊತ್ತು. ನಾನು ಚಿಕ್ಕವನಿದ್ದಾಗ ಅಪ್ಪ ಒಂದೆರಡು ವರ್ಷ ತೋಟವನ್ನು ಚೇಣಿಗೆ, ಅಂದರೆ ಆ ವರ್ಷದ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದರು. ಚೇಣಿ ಹಿಡಿಯಲು ಬಂದವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಕತ್ತು ಹಿಂದಕ್ಕೆ ಬಾಗಿಸಿ, ಸಾಲುಮರಗಳ ನಡುವೆ ನಿಧಾನವಾಗಿ ನಡೆದರು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಗೊನೆ ಎಣಿಸುತ್ತಿದ್ದರು. ಇಡೀ ತೋಟ ಸುತ್ತಿ ಬಂದು ಅಪ್ಪನನ್ನು ಕೇಳಿದ್ದು ಒಂದೇ ಪ್ರಶ್ನೆ: "ಕೊಳೆ ರೋಗಕ್ಕೆ ಔಷಧಿ ಎಷ್ಟು ಸಲ ಹೊಡೆಸಿದ್ದೀರಿ?" ಮೇಲಿನ ತುಂಡು ಅಜ್ಜ ನೆಟ್ಟದ್ದು, ಕೆಳಗಿನದು ಅಪ್ಪ ನೆಟ್ಟದ್ದು. ಅವರು ಮೇಲಿನ ತುಂಡಿಗೇ ಹೆಚ್ಚು ಕ್ವಿಂಟಲ್ ಹೇಳಿದರು. ಮರ ಯಾವ ಇಸವಿಯಲ್ಲಿ ನೆಟ್ಟದ್ದು ಎಂದು ಬಾಯಿ ಬಿಟ್ಟು ಕೇಳಲೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ಆ ವರ್ಷದ ಫಸಲು.

ನಮ್ಮ ಲೀಗ್ ನಡೆಯುವುದೂ ಹಾಗೆಯೇ. ಪ್ರತಿ ಆಗಸ್ಟ್‌ನಲ್ಲಿ ಹೊಸದಾಗಿ ಆಯ್ಕೆ, ಡಿಸೆಂಬರ್ ಕೊನೆಗೆ ಲೆಕ್ಕ ಚುಕ್ತಾ. ಆಟಗಾರರನ್ನು ವರ್ಷಾನುಗಟ್ಟಲೆ ಉಳಿಸಿಕೊಳ್ಳುವ ಡೈನಾಸ್ಟಿ ಲೀಗ್ ಇದ್ದರೆ ಅದು ತೋಟವನ್ನೇ ಕ್ರಯಕ್ಕೆ ಕೊಂಡಂತೆ. ಅಲ್ಲಿ ಮರದ ವಯಸ್ಸು ಕೇಳಲೇಬೇಕು, ಒಪ್ಪುತ್ತೇನೆ. ನಾವು ಹಿಡಿಯುತ್ತಿರುವುದು ಒಂದು ವರ್ಷದ ಚೇಣಿ. ಹೀಗಿರುವಾಗ ಗೊನೆ ನೋಡದೆ ವಯಸ್ಸು ಕೇಳುವುದು ಯಾವ ಲೆಕ್ಕ?

2024ರ ಆಗಸ್ಟ್ ನೆನಪಿದೆಯೇ? ಟೈರೀಕ್ ಹಿಲ್ ಹಿಂದಿನ ವರ್ಷ 1,799 ಯಾರ್ಡ್ (ಚೆಂಡು ಹಿಡಿದು ತಂಡವನ್ನು ಮುಂದೊಯ್ದ ದೂರ) ಗಳಿಸಿದ್ದ. ನಮ್ಮ ಲೀಗಿನಲ್ಲಿ ಮೊದಲ ಸುತ್ತಿನ ಎರಡನೇ ಆಯ್ಕೆಯಾಗಿ ಹೋದ. ಮೈಕ್ ಇವನ್ಸ್ "ವಯಸ್ಸಾಯಿತು" ಎಂಬ ಮಾತಿನೊಂದಿಗೆ ಎಷ್ಟೋ ಹಿಂದೆ ಉಳಿದ. ಇಬ್ಬರ ನಡುವೆ ಇರುವ ಅಂತರ ಎಷ್ಟು ಗೊತ್ತೇ? ಆರು ತಿಂಗಳು ಚಿಲ್ಲರೆ ದಿನ. ಇವನ್ಸ್ 1993ರ ಆಗಸ್ಟ್‌ನಲ್ಲಿ ಹುಟ್ಟಿದವನು, ಹಿಲ್ 1994ರ ಮಾರ್ಚ್‌ನಲ್ಲಿ. ಆ ವರ್ಷ ಹಿಲ್ 17 ಪಂದ್ಯ ಆಡಿ 81 ಕ್ಯಾಚ್, 959 ಯಾರ್ಡ್, 6 ಟಚ್‌ಡೌನ್. ಇವನ್ಸ್ 14 ಪಂದ್ಯದಲ್ಲಿ 74 ಕ್ಯಾಚ್, 1,004 ಯಾರ್ಡ್, 11 ಟಚ್‌ಡೌನ್. ಕ್ಯಾಚಿಗೆ ಒಂದು, ಹತ್ತು ಯಾರ್ಡಿಗೆ ಒಂದು, ಟಚ್‌ಡೌನಿಗೆ ಆರು ಎಂಬ ನಮ್ಮ ಲೆಕ್ಕದಲ್ಲಿ ಹಿಡಿದ ಚೆಂಡುಗಳಿಂದ ಹಿಲ್‌ಗೆ ಬಂದದ್ದು 213ರ ಹತ್ತಿರ, ಇವನ್ಸ್‌ಗೆ 240. ಮೂರು ಪಂದ್ಯ ಕಡಿಮೆ ಆಡಿ!

ವಯಸ್ಸು ಇಬ್ಬರಿಗೂ ಒಂದೇ. ಅವರು ಯಾವುದನ್ನು ನಂಬಿಕೊಂಡು ಬದುಕುತ್ತಿದ್ದರು ಎಂಬುದು ಬೇರೆ ಬೇರೆ. ಹಿಲ್‌ನ ಬಂಡವಾಳ ಓಟ. ಕಾವಲಿನವನನ್ನು ಹಿಂದೆ ಹಾಕಿ ಮೂವತ್ತು ನಲವತ್ತು ಯಾರ್ಡ್ ದೂರದಲ್ಲಿ ಚೆಂಡಿನ ಕೆಳಗೆ ಹೋಗಿ ನಿಲ್ಲುವುದು. ಅಂಥವನಿಗೆ ಕಾಲು ಒಂದಿಷ್ಟು ನಿಧಾನವಾದರೂ ಸಾಕು, ಅಥವಾ ಅಷ್ಟು ದೂರಕ್ಕೆ ನಿಖರವಾಗಿ ಎಸೆಯುವವನು ಗಾಯಗೊಂಡರೂ ಸಾಕು, ಬದುಕು ಅಲ್ಲಾಡುತ್ತದೆ. ಆ ವರ್ಷ ಅವನಿಗೆ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ತಲೆಗೆ ಪೆಟ್ಟು ಬಿದ್ದು ಹಲವು ವಾರ ಹೊರಗಿದ್ದ. ಹಿಲ್‌ನ ಮಣಿಕಟ್ಟಿಗೂ ಗಾಯವಾಗಿತ್ತು. ಇವನ್ಸ್ ಆರಡಿ ಐದಂಗುಲದ ಆಳು. ಅವನಿಗೆ ಕಾವಲಿನವನಿಂದ ಬಿಡಿಸಿಕೊಳ್ಳಬೇಕೆಂದೇ ಇಲ್ಲ. ಮೈಗೆ ಮೈ ತಾಗಿರುವಾಗಲೇ ಬೆನ್ನು ಕೊಟ್ಟು, ತೋಳು ಚಾಚಿ ಮೇಲಿನಿಂದ ಚೆಂಡು ಕಿತ್ತುಕೊಳ್ಳುತ್ತಾನೆ. ಎತ್ತರಕ್ಕೆ ವಯಸ್ಸಾಗುವುದಿಲ್ಲ.

ಆಡಮ್ಸ್‌ನ ವಿದ್ಯೆ ಇನ್ನೂ ಸೂಕ್ಷ್ಮ. ಗೋಲ್ ಗೆರೆಗೆ ಮೂರು ನಾಲ್ಕು ಯಾರ್ಡ್ ಇದ್ದಾಗ ಅವನ ಪಾದವನ್ನಷ್ಟೇ ಗಮನಿಸಿ, ಚೆಂಡನ್ನು ಮರೆತುಬಿಡಿ. ಚೆಂಡು ಚಲಿಸಿದ ಕೂಡಲೇ ಒಂದು ಹೆಜ್ಜೆ ಒಳಕ್ಕೆ, ಭುಜವೂ ಒಳಕ್ಕೆ. ಎದುರಿನವನು ತನ್ನ ಭಾರವನ್ನು ಆ ಕಾಲಿಗೆ ಹಾಕುವವರೆಗೆ ಕಾಯುತ್ತಾನೆ. ಹಾಕಿದ ಎಂದು ಗೊತ್ತಾದ ಕ್ಷಣ ಇವನು ಹೊರಗಿನ ಮೂಲೆಯಲ್ಲಿ. ಆ ಜಾಗದಲ್ಲಿ ಓಡುವುದಕ್ಕೆ ಉದ್ದವೇ ಇಲ್ಲ, ವೇಗಕ್ಕೆ ಕೆಲಸವೂ ಇಲ್ಲ. ಎದುರಿನವನ ಸೊಂಟ ಯಾವಾಗ ತಿರುಗುತ್ತದೆ ಎಂಬುದು ಹತ್ತು ಹನ್ನೆರಡು ವರ್ಷ ಆಡಿದವನಿಗೆ ಇಪ್ಪತ್ತೆರಡರ ಹುಡುಗನಿಗಿಂತ ಚೆನ್ನಾಗಿ ಗೊತ್ತು. ಎಸೆಯುವವನು ಮ್ಯಾಥ್ಯೂ ಸ್ಟಾಫರ್ಡ್, ಅವನೂ ಆ ಋತುವಿನಲ್ಲಿ 37ರ ಮನುಷ್ಯ, 46 ಟಚ್‌ಡೌನ್ ಎಸೆದ. ಇಬ್ಬರ ಹುಟ್ಟಿದ ದಿನಾಂಕ ಕೂಡಿಸಿದ್ದರೆ ಆ ಹಾಳೆ ಪೂರ್ತಿ ಕೆಂಪಾಗುತ್ತಿತ್ತು.

"ಅಂಕಿಅಂಶ ಸುಳ್ಳು ಹೇಳುತ್ತದೆಯೇ? ಮೂವತ್ತರ ನಂತರ ರಿಸೀವರ್‌ಗಳು ಇಳಿಯುವುದು ನಿಜವಲ್ಲವೇ?" ಎಂದು ಆ ಹುಡುಗ ಕೇಳಿದ. ನಿಜ. ಒಟ್ಟಾರೆ ಇಳಿಯುತ್ತಾರೆ. ಜೂಲಿಯೊ ಜೋನ್ಸ್ 2019ರಲ್ಲಿ 1,394 ಯಾರ್ಡ್ ಗಳಿಸಿದವನು 2021ರಲ್ಲಿ 434ಕ್ಕೆ ಬಂದು ನಿಂತ. ಎ.ಜೆ. ಗ್ರೀನ್ 2020ರಲ್ಲಿ ತನ್ನ ಕಡೆ ನೂರಕ್ಕೂ ಹೆಚ್ಚು ಎಸೆತ ಬಂದರೂ 47 ಮಾತ್ರ ಹಿಡಿದ. ಆದರೆ ಇವರಲ್ಲಿ ಯಾರೂ ಹೇಳದೆ ಕೇಳದೆ ಬೀಳಲಿಲ್ಲವಲ್ಲ! ಜೂಲಿಯೊ ಅದರ ಹಿಂದಿನ ವರ್ಷವೇ ಒಂಬತ್ತು ಪಂದ್ಯಕ್ಕೆ ಸುಸ್ತಾಗಿದ್ದ, ತೊಡೆಯ ಹಿಂಭಾಗದ ಸ್ನಾಯು ಕೈಕೊಟ್ಟಿತ್ತು. ಗ್ರೀನ್ ಪಾದದ ಕೀಲಿನ ಗಾಯದಿಂದ 2019ರಲ್ಲಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಕತ್ತೆತ್ತಿ ನೋಡಿದವರಿಗೆ ಹಿಂಗಾರ (ಅಡಿಕೆಯ ಹೂಗೊನೆ) ಒಣಗಿದ್ದು ಕಾಣುತ್ತಿತ್ತು. ಅದನ್ನು ನೋಡದವರು ಈಗ ಎಲ್ಲ ತಪ್ಪನ್ನೂ ವಯಸ್ಸಿನ ತಲೆಗೆ ಕಟ್ಟುತ್ತಿದ್ದಾರೆ.

ಇನ್ನೊಂದು ಮಾತು ಯಾರೂ ಆಡುವುದಿಲ್ಲ. ಮೂವತ್ತು ದಾಟಿದವನ ಬೆಲೆಯಲ್ಲಿ ವಯಸ್ಸನ್ನು ಮಾರುಕಟ್ಟೆ ಆಗಲೇ ಕಳೆದಿರುತ್ತದೆ. ಎಲ್ಲರೂ ಹೆದರಿ ಹಿಂದೆ ಸರಿದಿರುತ್ತಾರೆ, ಹಾಗಾಗಿ ಅವನು ಎರಡು ಮೂರು ಸುತ್ತು ತಡವಾಗಿ ಸಿಗುತ್ತಾನೆ. ಕಳೆದದ್ದನ್ನೇ ಮತ್ತೊಮ್ಮೆ ಕಳೆದರೆ ಅದು ಎಚ್ಚರಿಕೆಯಲ್ಲ, ಲೆಕ್ಕದ ತಪ್ಪು. 2023ರಲ್ಲಿ ಇವನ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ನಿವೃತ್ತನಾದ, ಇವನ್ಸ್‌ಗೆ ಮೂವತ್ತು ತುಂಬಿತು ಎಂದು ಅವನನ್ನು ಬಿಟ್ಟುಬಿಟ್ಟರು. ಅವನು 1,255 ಯಾರ್ಡ್, 13 ಟಚ್‌ಡೌನ್ ಗಳಿಸಿದ. ಅದೇ ವರ್ಷ ಆ್ಯಡಮ್ ಥೀಲೆನ್ 33ನೇ ವಯಸ್ಸಿನಲ್ಲಿ, ಗೆಲ್ಲುವುದೇ ಅಪರೂಪವಾಗಿದ್ದ ಕ್ಯಾರೊಲಿನಾ ತಂಡದಲ್ಲಿ 103 ಚೆಂಡು ಹಿಡಿದ. ನಮ್ಮ ಲೀಗಿನಲ್ಲಿ ಡ್ರಾಫ್ಟ್ ದಿನ ಅವನ ಹೆಸರನ್ನು ಯಾರೂ ಎತ್ತಿರಲಿಲ್ಲ.

ನಾನೂ ಈ ತಪ್ಪು ಮಾಡಿದವನೇ. 2015ರಲ್ಲಿ ಲ್ಯಾರಿ ಫಿಟ್ಸ್‌ಜೆರಾಲ್ಡ್ ನನ್ನ ಸರದಿ ಬಂದಾಗ ಎರಡು ಸಲ ಪಟ್ಟಿಯಲ್ಲಿ ಮೇಲೆಯೇ ಇದ್ದ. ಹಿಂದಿನ ವರ್ಷ 784 ಯಾರ್ಡ್, ಎರಡೇ ಟಚ್‌ಡೌನ್. ಆ ಆಗಸ್ಟ್‌ನಲ್ಲಿ ಅವನಿಗೆ 32. ಮುಗಿಯಿತು ಎಂದುಕೊಂಡೆ. ಹಿಂದಿನ ವರ್ಷ ಅರ್ಧದಲ್ಲೇ ಮಂಡಿ ಹರಿದುಕೊಂಡಿದ್ದ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಪಾಮರ್ ಗುಣವಾಗಿ ಮರಳಿದ್ದನ್ನು ನೋಡಲಿಲ್ಲ. ಅಂಚಿನಲ್ಲಿ ಓಡುತ್ತಿದ್ದವನು ಒಳಗಿನ ಸ್ಲಾಟ್ ಜಾಗಕ್ಕೆ ಒಗ್ಗಿಕೊಂಡಿದ್ದನ್ನೂ ನೋಡಲಿಲ್ಲ. 109 ಕ್ಯಾಚ್, 1,215 ಯಾರ್ಡ್, 9 ಟಚ್‌ಡೌನ್. ಮರುವರ್ಷ 107 ಕ್ಯಾಚ್, ಇಡೀ ಲೀಗಿಗೆ ಮೊದಲಿಗ. ಅದರ ಮರುವರ್ಷ ಮತ್ತೆ 109. ಮೂರು ವರ್ಷ ಅವನು ಬೇರೆಯವರ ತಂಡದಲ್ಲಿ ನನ್ನನ್ನು ಸೋಲಿಸಿದ.

ಹಾಗೆಂದು ಕಳೆದ ವರ್ಷದ್ದನ್ನು ಮುಚ್ಚಿಟ್ಟರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. 2025ರಲ್ಲಿ ಮೂರನೇ ಸುತ್ತಿನಲ್ಲಿ ಇವನ್ಸ್‌ನನ್ನು ತೆಗೆದುಕೊಂಡವನು ನಾನು. ಸೆಪ್ಟೆಂಬರ್‌ನಲ್ಲಿ ತೊಡೆಯ ಸ್ನಾಯು, ಅಕ್ಟೋಬರ್‌ನಲ್ಲಿ ಮರಳಿದ ಪಂದ್ಯದಲ್ಲೇ ಕೊರಳೆಲುಬು ಮುರಿಯಿತು. ನನ್ನ ಋತು ಅಲ್ಲಿಗೆ ಮುಗಿಯಿತು. ಆ ಹುಡುಗ ಅದನ್ನೇ ತೋರಿಸಿ "ನೋಡಿ ಅಂಕಲ್" ಎಂದಾಗ ನನ್ನ ಬಳಿ ಉತ್ತರ ಇರಲಿಲ್ಲ. ಈಗ ಇದೆ. ಬಿದ್ದ ಪೆಟ್ಟಿಗೆ ಎಲುಬು ಮುರಿಯುವುದು ಇಪ್ಪತ್ತೈದರವನಿಗೂ ಆಗುತ್ತದೆ. ಆದರೆ ತೊಡೆಯ ಸ್ನಾಯು 2024ರಲ್ಲೇ ಅವನನ್ನು ಮೂರು ಪಂದ್ಯ ಹೊರಗೆ ಕೂರಿಸಿತ್ತು, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಪಕ್ಕಕ್ಕಿಟ್ಟೆ.

ಯಾಕೆಂದರೆ 2025ರ ಜನವರಿ 5 ನನ್ನ ಕಣ್ಣಿನಲ್ಲಿ ಕಟ್ಟಿಕೊಂಡಿತ್ತು. ಟಂಪಾದಲ್ಲಿ ಋತುವಿನ ಕೊನೆಯ ಪಂದ್ಯ, ಇವನ್ಸ್‌ನ ತಂಡ ಗೆದ್ದಾಗಿತ್ತು, ಕ್ವಾರ್ಟರ್‌ಬ್ಯಾಕ್ ಮಂಡಿಯೂರಿ ಸಮಯ ಕಳೆದಿದ್ದರೆ ಸಾಕಿತ್ತು. ಇವನ್ಸ್‌ಗೆ ಸಾವಿರ ಯಾರ್ಡ್ ಮುಟ್ಟಲು ಇನ್ನು ಐದೇ ಯಾರ್ಡ್. ಬೇಕರ್ ಮೇಫೀಲ್ಡ್ ಅವನಿಗೆ ಎಸೆದ, ಒಂಬತ್ತು ಯಾರ್ಡ್ ಬಂತು. ಸತತ ಹನ್ನೊಂದನೇ ವರ್ಷ ಸಾವಿರ, ಹಿಂದಿನ ದಿಗ್ಗಜ ರಿಸೀವರ್ ಜೆರ್ರಿ ರೈಸ್‌ನ ದಾಖಲೆಗೆ ಸಮ. ಇಡೀ ತಂಡ ಅವನ ಮೇಲೆ ಬಿದ್ದು ಕುಣಿಯಿತು. ನಾನು ಸೋಫಾದಿಂದ ಎದ್ದು ನಿಂತು ಅತ್ತಿದ್ದೆ. ಆಗಸ್ಟ್‌ನಲ್ಲಿ ನಾನು ಆರಿಸಿದ್ದು ಆ ಸಂಜೆಯನ್ನು, ಅವನ ಕಾಲನ್ನು ನೋಡಿ ಅಲ್ಲ. ಔಷಧಿ ಎಷ್ಟು ಸಲ ಹೊಡೆಸಿದಿರಿ ಎಂದು ಕೇಳಬೇಕಾದ ಪ್ರಶ್ನೆಯನ್ನು ನಾನೇ ಕೇಳಲಿಲ್ಲ. ಆ ಹುಡುಗ ತಾರೀಖು ನೋಡಿದ, ನಾನು ನೆನಪು ನೋಡಿದೆ. ಇಬ್ಬರೂ ಮರ ನೋಡಲಿಲ್ಲ.

ನಿನ್ನೆ ಅವನಿಗೆ ಸಂದೇಶ ಕಳುಹಿಸಿದೆ. ಆ ಹಾಳೆ ನನಗೂ ಬೇಕು, ಆದರೆ ಹುಟ್ಟಿದ ದಿನಾಂಕದ ಜಾಗದಲ್ಲಿ ಮೂರು ವಿಷಯ ತುಂಬಿಸಿ ಕೊಡು ಎಂದು ಬರೆದೆ: ಕಳೆದ ಎರಡು ವರ್ಷದಲ್ಲಿ ಸೊಂಟದಿಂದ ಕೆಳಗೆ ಆದ ಗಾಯಗಳು, ಪ್ರತಿ ಪಂದ್ಯದಲ್ಲಿ ಅವನ ಕಡೆ ಬಂದ ಎಸೆತಗಳು, ಮುಂದಿನ ವರ್ಷ ಎಸೆಯುವವನ ಹೆಸರು. ಹತ್ತು ನಿಮಿಷ ಕಳೆದು ಉತ್ತರ ಬಂತು: "ಸ್ಟೆಫಾನ್ ಡಿಗ್ಸ್‌ದು ಹಾಕುತ್ತಿದ್ದೆ ಅಂಕಲ್. ಮಂಡಿ ಹರಿದ ಮರುವರ್ಷವೇ 85 ಕ್ಯಾಚ್, 1,013 ಯಾರ್ಡ್ ಇದೆ. ಇವನಿಗೆ ಯಾವ ಬಣ್ಣ ಕೊಡಲಿ?"

ಸದ್ಯಕ್ಕೆ ಬಿಳಿಯೇ ಇರಲಿ ಎಂದಿದ್ದೇನೆ.